ಮಾನಸಿಕ ಆಸ್ಪತ್ರೆಯ ಕಾವಲಿನ ವಾರ್ಡಿಗೆ ಆಟದ ಅಂಗಳ: ಸರ್ಕಾರಿ ದುಡ್ಡು ಯಾವ ಬಾಗಿಲಿನಿಂದ ಬರುತ್ತದೆ?

ಬದಿಯಡ್ಕ_ವಾಚನಾಲಯ:

ಎಲ್ಲರಿಗೂ ನಮಸ್ಕಾರ. ಕೇರಳದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳು ಮೂರು: ತಿರುವನಂತಪುರದ ಪೇರೂರ್ಕಡ, ತೃಶೂರು, ಕಲ್ಲಿಕೋಟೆಯ ಕುತಿರವಟ್ಟಂ. ಕಾಸರಗೋಡಿನವರಿಗೆ ಹತ್ತಿರದ್ದು ಕುತಿರವಟ್ಟಂ. ಅಲ್ಲಿನ ಫೊರೆನ್ಸಿಕ್ ವಾರ್ಡಿನಲ್ಲಿ, ಅಂದರೆ ಕೋರ್ಟಿನಿಂದಲೋ ಜೈಲಿನಿಂದಲೋ ಬಂದವರನ್ನು ಕಾವಲಿನಲ್ಲಿಟ್ಟು ಚಿಕಿತ್ಸೆ ಕೊಡುವ ಕಡೆ, ಮಳೆಗಾಲದಲ್ಲೂ ಆಡಲು ಮತ್ತು ನಡೆಯಲು ಆಗುವಂಥ ಮಾಡಿನ ಅಂಗಳ ಆಗಲಿ, ಕನ್ನಡ ಓದುವವರಿಗೆ ನಾಲ್ಕು ಪುಸ್ತಕ ಸಿಗಲಿ ಎಂದು ವಾಚನಾಲಯದ ಕಡೆಯಿಂದ ಮನವಿ ಬರೆಯುತ್ತಿದ್ದೇವೆ. ಕಳಿಸುವ ಮೊದಲು ಕೆಲವು ಸಂಗತಿ ಖಚಿತ ಆಗಬೇಕು.

1. ಇಂಥದ್ದಕ್ಕೆ ಯಾವ ನಿಧಿ ಹಿಡಿಯಬೇಕು? ನಮ್ಮ ಪಂಚಾಯತಿನ ದುಡ್ಡು, ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್, ಎಂ.ಪಿ. ನಿಧಿ: ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?
2. ಎಸ್ಟಿಮೇಟಿನಲ್ಲಿ ಏನು ಇರಬೇಕು? ಸಾಮಾನ್ಯ ಕ್ಲಬ್ಬಿನ ಅಂಗಳಕ್ಕೂ ಇಂಥ ವಾರ್ಡಿನ ಅಂಗಳಕ್ಕೂ ಎಲ್ಲಿ ವ್ಯತ್ಯಾಸ?
3. "ಕೊಲೆ ಮಾಡಿದವನಿಗೆ ನಮ್ಮ ತೆರಿಗೆಯಲ್ಲಿ ಕೇರಂ ಬೋರ್ಡಾ?" ಎಂದು ಕೇಳುವವರು ಗ್ರಾಮಸಭೆಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಕಾನೂನಿನ ಪ್ರಕಾರ ಏನು ಉತ್ತರ?

ಮನವಿ ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದೋ ಎಂಬುದನ್ನೂ ತಿಳಿದವರು ಹೇಳಿ.

ವಿದ್ಯಾನಗರ_ಕಡತ:

ಮೂರನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಸುಲಭ. ಮೆಂಟಲ್ ಹೆಲ್ತ್‌ಕೇರ್ ಕಾಯ್ದೆ 2017, ಜಾರಿಗೆ ಬಂದದ್ದು 2018 ಮೇ 29ರಂದು. ಅದರ 20ನೇ ಸೆಕ್ಷನ್, 2ನೇ ಉಪವಿಭಾಗದ 'ಸಿ' ತೆಗೆದು ನೋಡಿ: ಬಿಡುವು, ಮನರಂಜನೆ, ಶಿಕ್ಷಣ, ಧಾರ್ಮಿಕ ಆಚರಣೆ ಇವಿಷ್ಟಕ್ಕೂ ತಕ್ಕಮಟ್ಟಿನ ಸೌಕರ್ಯ ರೋಗಿಯ ಹಕ್ಕು. ಕೋರ್ಟಿನಿಂದ ಬಂದವನಿಗೆ ಈ ಹಕ್ಕು ಇಲ್ಲ ಎಂದು ಆ ಸೆಕ್ಷನ್ ಎಲ್ಲೂ ಹೇಳುವುದಿಲ್ಲ. ಹಾಗಾಗಿ 'ಕೊಡಬೇಕೋ ಬೇಡವೋ' ಎಂಬ ಚರ್ಚೆಗೆ ಮನವಿಯಲ್ಲಿ ಜಾಗ ಕೊಡಬೇಡಿ, 'ತಕ್ಕಮಟ್ಟಿನದು ಅಂದರೆ ಎಷ್ಟು' ಎಂಬುದನ್ನು ಮಾತ್ರ ಬರೆಯಿರಿ.

'ಕೊಲೆ ಮಾಡಿದವ' ಎಂಬ ಮಾತೂ ಸರಿಯಲ್ಲ. ಫೊರೆನ್ಸಿಕ್ ವಾರ್ಡಿಗೆ ಬರುವವರಲ್ಲಿ ಮೂರು ಬಗೆ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇದ್ದಾನೋ ಇಲ್ಲವೋ ಎಂದು ತಿಳಿಯಲು ಕೋರ್ಟು ಕಳಿಸಿದವರು ಒಂದು ಬಗೆ. ಇದು ಹಿಂದೆ ಸಿ.ಆರ್.ಪಿ.ಸಿ.ಯ (ದಂಡ ಪ್ರಕ್ರಿಯಾ ಸಂಹಿತೆ) 328ರಿಂದ ಮುಂದಿನ ಸೆಕ್ಷನ್‌ಗಳಲ್ಲಿ ಇತ್ತು, 2024 ಜುಲೈ 1ರ ನಂತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378. ಕೃತ್ಯ ನಡೆದ ಹೊತ್ತಿಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಎಂದು ಖುಲಾಸೆಯಾದವರು ಎರಡನೆಯವರು (ಹಳೆಯ ಐ.ಪಿ.ಸಿ. 84, ಈಗ ನ್ಯಾಯ ಸಂಹಿತೆಯ 22). ಜೈಲಿನಲ್ಲಿದ್ದಾಗ ಕಾಯಿಲೆಬಿದ್ದು ಮೇಲೆ ಹೇಳಿದ 2017ರ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ಬಂದವರು ಮೂರನೆಯವರು. ಮೊದಲನೆಯವರ ಮೇಲೆ ತಪ್ಪು ಸಾಬೀತಾಗಿಲ್ಲ, ಎರಡನೆಯವರು ಖುಲಾಸೆಯಾದವರು. ಗ್ರಾಮಸಭೆಯಲ್ಲಿ ಇಷ್ಟು ಹೇಳಿದರೆ ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧ ಹೇಗೂ ನಿಲ್ಲುವುದಿಲ್ಲ ಬಿಡಿ.

ಈಗ ದುಡ್ಡು. ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿಗೆ, ಜಿಲ್ಲಾ ಆಸ್ಪತ್ರೆಗಳು ಜಿಲ್ಲಾ ಪಂಚಾಯತಿಗೆ ಹೋದವು. ಮಾನಸಿಕ ಆರೋಗ್ಯ ಕೇಂದ್ರಗಳು ಮಾತ್ರ ನೇರ ಆರೋಗ್ಯ ಇಲಾಖೆಯ ಕೈಯಲ್ಲೇ ಉಳಿದವು. ಬದಿಯಡ್ಕ ಪಂಚಾಯತಿನ ಯೋಜನಾ ನಿಧಿ ಕಲ್ಲಿಕೋಟೆಯಲ್ಲಿ ಖರ್ಚಾಗುವುದಿಲ್ಲ, ಕಾಸರಗೋಡು ಪ್ಯಾಕೇಜ್ ಕೂಡ ಜಿಲ್ಲೆಯ ಗಡಿ ದಾಟುವುದಿಲ್ಲ. ಈ ಎರಡಕ್ಕೂ ಅರ್ಜಿ ಕೊಟ್ಟು ಒಂದು ವರ್ಷ ಕಳೆಯಬೇಡಿ.

ನಡೆಯುವ ಬಾಗಿಲುಗಳು ಹೀಗಿವೆ. ಕಟ್ಟಡ, ಅಂಗಳ, ಬೇಲಿಯಂಥ ಸ್ಥಿರ ಕೆಲಸಕ್ಕೆ ಆರೋಗ್ಯ ಇಲಾಖೆಯ ಬಂಡವಾಳ ಲೆಕ್ಕ, ಅಂದರೆ 4210ರ ಶೀರ್ಷಿಕೆ. ಸಂಬಳ, ಸಾಮಾನು, ರಿಪೇರಿಗೆ 2210. ಆಸ್ಪತ್ರೆಯ ಸೂಪರಿಂಟೆಂಡೆಂಟ್ ತಮ್ಮ ವಾರ್ಷಿಕ ಬೇಡಿಕೆ ಪಟ್ಟಿಯಲ್ಲಿ ಸೇರಿಸಿ ಆರೋಗ್ಯ ನಿರ್ದೇಶನಾಲಯಕ್ಕೆ ಕಳಿಸಬೇಕು. ಬಜೆಟ್ ತಯಾರಿ ಮಳೆಗಾಲ ಮುಗಿಯುವ ಹೊತ್ತಿಗೇ ಶುರುವಾಗುತ್ತದೆ, ಡಿಸೆಂಬರಿನಲ್ಲಿ ಕೊಟ್ಟ ಮನವಿ ಮುಂದಿನ ವರ್ಷದ ಸಾಲಿಗೂ ಸಿಕ್ಕುವುದು ಕಷ್ಟ.

ಎಂ.ಪಿ. ನಿಧಿ ವರ್ಷಕ್ಕೆ 5 ಕೋಟಿ. ಅದು ಬಾಳಿಕೆಯ ಆಸ್ತಿಗೆ ಮಾತ್ರ: ಮಾಡು, ನೆಲ, ಬೇಲಿ ಆಗುತ್ತದೆ, ಸಂಬಳ ಮತ್ತು ಸವೆದುಹೋಗುವ ಸಾಮಾನು ಆಗುವುದಿಲ್ಲ. ಲೋಕಸಭಾ ಸದಸ್ಯರು ಮುಖ್ಯವಾಗಿ ತಮ್ಮ ಕ್ಷೇತ್ರದ ಕೆಲಸಕ್ಕೇ ಶಿಫಾರಸು ಮಾಡುವವರು, ಆದ್ದರಿಂದ ಕಾಸರಗೋಡಿನ ಎಂ.ಪಿ. ಹತ್ತಿರ ಹೋದರೆ ಅವರು ಕಲ್ಲಿಕೋಟೆಯವರ ಕಡೆ ಬೆರಳು ತೋರಿಸುತ್ತಾರೆ. ಕೇರಳದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರಾದರೆ ರಾಜ್ಯದ ಯಾವ ಜಿಲ್ಲೆಗೂ ಶಿಫಾರಸು ಮಾಡಬಹುದು. ಈ ದಾರಿ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಶಾಸಕರ ಆಸ್ತಿ ಅಭಿವೃದ್ಧಿ ನಿಧಿಯಾದರೆ ಆಸ್ಪತ್ರೆ ಯಾವ ಕ್ಷೇತ್ರದಲ್ಲಿ ಉಂಟೋ ಆ ಶಾಸಕರು.

ಕೇರಂ ಕಾಯಿ, ಚೆಂಡು, ಪತ್ರಿಕೆಯ ಚಂದಾ ಇಂಥ ಸಣ್ಣ ಖರ್ಚು ಆಸ್ಪತ್ರೆ ಅಭಿವೃದ್ಧಿ ಸೊಸೈಟಿಯಿಂದ ಆಗಬೇಕು. ಯಾರಾದರೂ ದಾನವಾಗಿ ಕೊಟ್ಟರೂ ಸ್ಟಾಕ್ ರಿಜಿಸ್ಟರಿನಲ್ಲಿ ಏರಿಸಿ ರಸೀದಿ ತೆಗೆದುಕೊಳ್ಳಿ. ಏರಿಸದ ವಸ್ತುವಿಗೆ ರಿಪೇರಿ ಖರ್ಚು ಬರೆಯಲಾಗುವುದಿಲ್ಲ, ಒಂದು ಕಾಲು ಮುರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಕ್ರಮ ಇಷ್ಟು: ಸೂಪರಿಂಟೆಂಡೆಂಟರ ಅಗತ್ಯ ಪತ್ರ, ಪಿ.ಡಬ್ಲ್ಯು.ಡಿ. ಕಟ್ಟಡ ವಿಭಾಗದ ಅಂದಾಜುಪಟ್ಟಿ, ಆಡಳಿತಾನುಮತಿ, ತಾಂತ್ರಿಕ ಅನುಮತಿ, ಟೆಂಡರ್, ಕರಾರು. ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಂದು, ಅಂದಾಜಿನಲ್ಲಿ 18 ಶೇಕಡಾ ಜಿ.ಎಸ್.ಟಿ. ಸೇರಿಸಲು ಮರೆತು ಮಂಜೂರಾದ ಮೊತ್ತ ಸಾಲದೆ ಹೋಗುವುದು. ಹಳೆಯ ಮಾದರಿ ಎಸ್ಟಿಮೇಟನ್ನು ನಕಲು ಮಾಡುವವರು 12 ಶೇಕಡಾ ಹಾಗೇ ಬಿಡುತ್ತಾರೆ, ದರ ಬದಲಾದದ್ದು 2022 ಜುಲೈಯಲ್ಲಿ. ಇನ್ನೊಂದು, ಬಿಲ್ಲು ಮಾರ್ಚ್ ಕೊನೆಗೆ ಟ್ರೆಶರಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು. ಕೆಲಸವನ್ನು ಎರಡು ಭಾಗ ಮಾಡಿ, ನೆಲ ಮತ್ತು ಬೇಲಿ ಮೊದಲು, ಮಾಡು ನಂತರ ಎಂದು ಬರೆದರೆ ಮೊದಲ ಭಾಗವಾದರೂ ಆ ವರ್ಷವೇ ಮುಗಿಯುತ್ತದೆ.

ಮುರಕಲ್ಲು:

ಎಸ್ಟಿಮೇಟಿನ ವಿಷಯ ನಾನು ಹೇಳುತ್ತೇನೆ. ಇಂಥ ವಾರ್ಡಿಗೆ ಎಲ್ಲರೂ ಮೊದಲು ಕೇಳುವುದು ವಾಲಿಬಾಲ್ ಕೋರ್ಟು. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಕೋರ್ಟು 18×9 ಮೀಟರ್, ಸುತ್ತ 3 ಮೀಟರ್ ಬಿಟ್ಟರೆ 24×15, ಅಂದರೆ 360 ಚದರ ಮೀಟರ್. ಅಷ್ಟಕ್ಕೂ ಮಾಡು ಹಾಕಿದರೆ ದುಡ್ಡೆಲ್ಲ ಕಬ್ಬಿಣಕ್ಕೇ ಹೋಗುತ್ತದೆ. ಹಾಕದಿದ್ದರೆ ಜೂನಿನಿಂದ ಸೆಪ್ಟೆಂಬರ್ ತನಕ ಕೋರ್ಟಿನಲ್ಲಿ ಪಾಚಿ ಬೆಳೆಸಬಹುದು.

ಅದರ ಬದಲು ಟೆನಿಕಾಯ್ಟ್, ನಮ್ಮ ಶಾಲೆಗಳಲ್ಲಿ ರಿಂಗ್ ಆಟ ಅನ್ನುತ್ತೇವಲ್ಲ ಅದು. ಕೋರ್ಟು 12.2×5.5 ಮೀಟರ್, ಸಾಮಾನು ಒಂದು ರಬ್ಬರ್ ಬಳೆ. ಬ್ಯಾಟಿಲ್ಲ, ತಂತಿಯಿಲ್ಲ, ಮೈಮೇಲೆ ಬಿದ್ದರೂ ಪೆಟ್ಟಾಗುವುದಿಲ್ಲ. ನಾಲ್ಕೂ ಕಡೆ 2 ಮೀಟರ್ ಬಿಟ್ಟರೆ 16.2×9.5. ಅದರ ಸುತ್ತ ಒಂದೂವರೆ ಮೀಟರ್ ಅಗಲದ ನಡೆಯುವ ದಾರಿ ಕೊಟ್ಟರೆ ಒಟ್ಟು 19.2×12.5, ಅಂದರೆ 240 ಚದರ ಮೀಟರ್. ದಾರಿಯ ನಡುಗೆರೆಯಲ್ಲಿ ಒಂದು ಸುತ್ತು 57 ಮೀಟರ್, 35 ಸುತ್ತಿಗೆ 2 ಕಿಲೋಮೀಟರ್. ವಾಲಿಬಾಲಿನ ಮೂರನೇ ಎರಡು ಪಾಲು ಜಾಗದಲ್ಲಿ ಆಟವೂ ಆಯಿತು, ನಡಿಗೆಯೂ ಆಯಿತು. ಆಡಲು ಮನಸ್ಸಿಲ್ಲದವನು ಕೂಡ ನಡೆಯುತ್ತಾನೆ, ಆ ದಾರಿಗೇ ಹೆಚ್ಚು ಬೆಲೆ.

ನೆಲಕ್ಕೆ ಇಂಟರ್‌ಲಾಕ್ ಬರೆಯಬೇಡಿ. ಈಗ ಕೇರಳದಲ್ಲಿ ಯಾವ ಅಂಗಳ ನೋಡಿದರೂ ಅದೇ, ಗುತ್ತಿಗೆದಾರರಿಗೂ ಅದೇ ಇಷ್ಟ. ಆದರೆ ಅಂಚಿನ ಕಟ್ಟೆ ಸಡಿಲವಾದರೆ ಒಂದು ಬ್ಲಾಕ್ ಕೈಗೆ ಬರುತ್ತದೆ, ಒಂದು ಬಂದರೆ ಅದರ ಪಕ್ಕದ್ದೆಲ್ಲ ಬರುತ್ತದೆ. ಕಾವಲಿನ ವಾರ್ಡಿನಲ್ಲಿ ಅದು ಎಸೆಯುವ ಕಲ್ಲು. ಸಿಮೆಂಟ್ ಕಾಂಕ್ರೀಟ್, ಮೇಲ್ಮೈಗೆ ಪೊರಕೆ ಗೆರೆ, 100ಕ್ಕೆ 1ರ ಇಳಿಜಾರು ಸಾಕು. ಚರಂಡಿಯ ಮುಚ್ಚಳ ಎತ್ತಲು ಬರಬಾರದು, ಬೋಲ್ಟ್ ಬೇಕು.

ಗೋಡೆ ನಮ್ಮ ಕಡೆಯ ದೊಡ್ಡ ಸಮಸ್ಯೆ. ಮುರಕಲ್ಲಿನ ಗೋಡೆ ಗಾರೆ ಮಾಡದೆ ಬಿಟ್ಟರೆ ನೋಡಲು ಚಂದ, ಹತ್ತಲು ಇನ್ನೂ ಚಂದ: ಕಲ್ಲಿನ ತೂತು, ಎರಡು ವರಿಯ ನಡುವಿನ ಸಂದು, ಎಲ್ಲ ಕಾಲಿಡುವ ಮೆಟ್ಟಿಲೇ. ಒಳಮೈಗೆ ನುಣ್ಣಗೆ ಗಾರೆ, ಮೇಲ್ತುದಿ ಗುಂಡಗೆ. ಮಳೆನೀರಿನ ಪೈಪು ಗೋಡೆಯ ಹೊರಮೈಗೆ ಕ್ಲಾಂಪ್ ಹಾಕಿ ಇಳಿಸಿದರೆ ಅದೂ ಏಣಿ, ಸಿಮೆಂಟಿನ ಕವಚದೊಳಗೆ ಇಳಿಸಬೇಕು. ಗೋಡೆಯಿಂದ 3 ಮೀಟರ್ ಒಳಗೆ ಕಂಬ, ಬೆಂಚು, ಮರ ಯಾವುದೂ ಬೇಡ. ಗೋಡೆಗೆ ಬಾಗಿದ ಒಂದು ಹಲಸಿನ ಕೊಂಬೆಯಿಂದ ಇಡೀ ಬೇಲಿಯ ಖರ್ಚು ನೀರಿಗೆ ಹೋಗುತ್ತದೆ.

ಬೇಲಿಗೆ ಸಾಮಾನ್ಯ ಚೈನ್‌ಲಿಂಕ್ ಆಗುವುದಿಲ್ಲ, ಅದರ ಕಣ್ಣಿನಲ್ಲಿ ಕಾಲಿನ ತುದಿ ಹಿಡಿಯುತ್ತದೆ. 358 ಎಂದು ಕರೆಯುವ ವೆಲ್ಡೆಡ್ ಮೆಷ್ ಕೇಳಿ: ಕಣ್ಣು 76.2×12.7 ಮಿ.ಮೀ., ತಂತಿ 4 ಮಿ.ಮೀ. ಬೆರಳು ತೂರುವುದಿಲ್ಲ, ಆದರೆ ಆಚೆ ಕಾಣುತ್ತದೆ. ಕುರುಡು ಗೋಡೆಗಿಂತ ಇದು ಒಳಗಿನವರಿಗೂ ಕಾವಲಿನವರಿಗೂ ಒಳ್ಳೆಯದು. ಸಮುದ್ರದ ಗಾಳಿಯ ಊರು, ಆದ್ದರಿಂದ ಪೈಂಟ್ ಹಚ್ಚಿದ ಕಬ್ಬಿಣ ಬೇಡ. ಕತ್ತರಿಸಿ ವೆಲ್ಡಿಂಗ್ ಮುಗಿದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದುವುದು) ಎಂದು ಸ್ಪಷ್ಟ ಬರೆಯಿರಿ. ಮೊದಲೇ ಗ್ಯಾಲ್ವನೈಸ್ ಆದ ಪೈಪು ತಂದು ಸೈಟಿನಲ್ಲಿ ವೆಲ್ಡ್ ಮಾಡಿದರೆ ಆ ಜೋಡಣೆಯಿಂದಲೇ ತುಕ್ಕು ಶುರು.

ಮಾಡಿಗೆ ಬರಿಯ ಶೀಟ್ ಹಾಕಿದರೆ ಜುಲೈಯ ಮಳೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಕಿವಿಯಲ್ಲಿ ಇಲ್ಲದ ದನಿ ಕೇಳುವ ಕಾಯಿಲೆಯವರಿಗೆ ಆ ಸದ್ದಿನಡಿ ಕೂತಿರುವುದು ಹಿಂಸೆ. ಶೀಟಿನ ಅಡಿಗೆ ಕಲ್ಲಿನ ನಾರಿನಿಂದ ಮಾಡಿದ 50 ಮಿ.ಮೀ. ರಾಕ್‌ವೂಲ್ ಪದರ ಕೊಡಿ. ಅಗ್ಗ ಎಂದು ಫೋಮ್ ಪ್ಯಾನೆಲ್ ಕೊಡುತ್ತಾರೆ, ಅದು ಬೆಂಕಿ ಹಿಡಿಯುತ್ತದೆ. ತಂಪು ಎಂದು ಮಡಲಿನ ಮಾಡು ಸೂಚಿಸುವವರೂ ಇರುತ್ತಾರೆ. ತಮಿಳುನಾಡಿನ ಏರ್ವಾಡಿಯಲ್ಲಿ 2001 ಆಗಸ್ಟ್ 6ರಂದು ಸಂಕಲೆ ಹಾಕಿದ್ದ 28 ರೋಗಿಗಳು ಬೆಂದುಹೋದದ್ದು ಗರಿಯ ಮಾಡಿನ ಶೆಡ್ಡಿನಲ್ಲಿ. ಬೀಗ ಹಾಕುವ ಜಾಗದಲ್ಲಿ ಉರಿಯುವ ವಸ್ತು ಸಲ್ಲದು, ಎದುರುಬದುರು ಎರಡು ಬಾಗಿಲು ಬೇಕು, ಎರಡಕ್ಕೂ ಒಂದೇ ಕೀ.

ಇನ್ನೊಂದು. ಪಾರ್ಕುಗಳಲ್ಲಿ ಇಡುವ ಓಪನ್ ಜಿಮ್ ಸಾಮಾನು ಕೊಡಲು ಎಲ್ಲ ಜನಪ್ರತಿನಿಧಿಗಳಿಗೂ ಉತ್ಸಾಹ, ಫೋಟೋ ಚೆನ್ನಾಗಿ ಬರುತ್ತದೆ. ಬೇರಿಂಗ್ ಎರಡು ಮಳೆಗಾಲಕ್ಕೆ ಜಾಮ್, ಸಂದಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ, ಮೇಲಿನ ಅಡ್ಡಪಟ್ಟಿ ನೇಣಿಗೆ ಆಸರೆಯಾಗುತ್ತದೆ. ಬೇಡವೇ ಬೇಡ ಎನ್ನಿ.

ಕುಂಬಳೆ_ಪೇಟೆ:

ಒಂದು ತಕರಾರು. ವಿರೋಧಕ್ಕೆ ಹೇಳುತ್ತಿಲ್ಲ. ಕಟ್ಟುವ ದುಡ್ಡು ಹೇಗಾದರೂ ಬರುತ್ತದೆ, ಅದಕ್ಕೆ ನಾಮಫಲಕ ಹಾಕಬಹುದಲ್ಲ. ಬರದೇ ಇರುವುದು ಅದನ್ನು ದಿನಾ ತೆರೆಯುವ ಜನ. ವಾರ್ಡಿನಲ್ಲಿ ಪಾಳಿಗೆ ಇರುವ ಸಿಬ್ಬಂದಿ ಮದ್ದು, ಊಟ, ಕೋರ್ಟಿಗೆ ಕಳಿಸುವುದು ಎಂದು ಹಂಚಿಹೋದರೆ ಅಂಗಳಕ್ಕೆ ಬರುವವರು ಯಾರು? ಆಗ ಮಾಡುವುದೊಂದೇ, ಬೀಗ. ಆರು ತಿಂಗಳಿಗೆ ಅದು ಮುರಿದ ಮಂಚ ಇಡುವ ಕೋಣೆ. ಮೊದಲು ಜನ ಕೇಳಿ, ಆಮೇಲೆ ಮಾಡು.

ವಿದ್ಯಾನಗರ_ಕಡತ:

ಕುಂಬಳೆಯವರು ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ಒಂದನ್ನು ಬಿಟ್ಟು ಇನ್ನೊಂದು ಕೇಳುವ ಹಾಗಿಲ್ಲ. ಹೊಸ ಹುದ್ದೆ ಆಗಬೇಕಾದರೆ ಹಣಕಾಸು ಇಲಾಖೆ ಒಪ್ಪಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರ ತನಕ ದಿನಗೂಲಿ ಅಥವಾ ಕರಾರಿನ ಮೇಲೆ ಒಬ್ಬ ಆಕ್ಯುಪೇಶನಲ್ ತೆರಪಿಸ್ಟ್ (ಚಟುವಟಿಕೆಗಳ ಮೂಲಕ ಚಿಕಿತ್ಸೆ ಕೊಡುವವರು) ಅಥವಾ ಇನ್‌ಸ್ಟ್ರಕ್ಟರ್, ಸೊಸೈಟಿಯ ಲೆಕ್ಕದಲ್ಲಿ. ಮನವಿಯಲ್ಲಿ ಬಂಡವಾಳದ ಮೊತ್ತದ ಪಕ್ಕದಲ್ಲೇ ವಾರ್ಷಿಕ ನಡೆಸುವ ಖರ್ಚು ಎಂಬ ಎರಡನೇ ಕಾಲಂ ಹಾಕಿ, ಖಾಲಿ ಬಿಡಬೇಡಿ. 2017ರ ಕಾಯ್ದೆಯ 97ನೇ ಸೆಕ್ಷನ್ ಕೂಡ ನೆನಪಿಸಿ. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕಬಾರದು ಎಂದು ಅದರಲ್ಲೇ ಬರೆದಿದೆ, ಒಂಟಿ ಕೋಣೆಯಲ್ಲಿ ಕೂಡುವುದಂತೂ ಪೂರ್ತಿ ನಿಷೇಧ. ಸಿಬ್ಬಂದಿ ಕೇಳಲು ಇದಕ್ಕಿಂತ ಗಟ್ಟಿ ಆಧಾರ ಕಾಯ್ದೆಯಲ್ಲಿ ಬೇರೆ ಸಿಗಲಿಕ್ಕಿಲ್ಲ.

ಪೆರ್ಲ_ಓಟಿ:

ಅಂಗಳ ತೆರೆಯುವ ಹೊತ್ತು ಮತ್ತು ಒಳಗಿನ ಸಾಮಾನು, ಇವೆರಡನ್ನು ಮನವಿಯಲ್ಲಿ ಯಾರೂ ಬರೆಯುವುದಿಲ್ಲ. ಅಪಾಯ ಆಗುವುದು ಅಲ್ಲಿಯೇ.

ಮೊದಲು ಹೊತ್ತು. ಬೆಳಿಗ್ಗೆ 9ರ ಒಳಗೆ, ಸಂಜೆ 4ರ ಮೇಲೆ. ಕಾರಣ ಬಿಸಿಲೊಂದೇ ಅಲ್ಲ, ಮದ್ದು. ಕ್ಲೋರ್‌ಪ್ರೊಮಜಿನ್ ತಿನ್ನುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ತಡೆಯುತ್ತದೆ, ಮೈ ಕಾದರೂ ತಣಿಯುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವವರು ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ: ಕೈ ದೊಡ್ಡದಾಗಿ ನಡುಗುವುದು, ತೂರಾಡುವುದು, ವಾಂತಿ ಕಂಡರೆ ಆಟ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಅಂಗಳದಲ್ಲಿ ಕುಡಿಯುವ ನೀರಿನ ನಲ್ಲಿ ಅಲಂಕಾರವಲ್ಲ, ಎಸ್ಟಿಮೇಟಿಗೆ ಸೇರಿಸಿ, ಒತ್ತಿದಾಗ ಮಾತ್ರ ನೀರು ಬರುವ ಬಗೆಯದು. ಮದ್ದು ಕೊಟ್ಟ ಕೂಡಲೇ ಅಂಗಳಕ್ಕೆ ಇಳಿಸಬೇಡಿ, ಕೂತಲ್ಲಿಂದ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗಿ ಬೀಳುವವರಿದ್ದಾರೆ.

ನಡಿಗೆ ಯಾಕೆ ಬೇಕು ಎಂದು ಕೇಳಿದರೆ ಉತ್ತರ ಇಲ್ಲಿಯೇ ಇದೆ. ಒಲಾಂಜಪಿನ್, ಕ್ಲೋಜಪಿನ್‌ನಿಂದ ತೂಕ, ಸಕ್ಕರೆ ಎರಡೂ ಏರುತ್ತವೆ, ಕ್ಲೋಜಪಿನ್‌ನಿಂದ ಮಲಬದ್ಧತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ. ಮುರಕಲ್ಲಿನವರ ದಾರಿಯಲ್ಲಿ 35 ಸುತ್ತು ನಡೆಯಲು ಸುಮಾರು ಅರ್ಧ ತಾಸು, ವಾರಕ್ಕೆ ಐದು ದಿನ ಅಂದರೆ ಲೆಕ್ಕ ಕೂಡಿಬಂತು. ಇಂಗ್ಲೆಂಡಿನ ಕಾವಲಿನ ಮಾನಸಿಕ ಆಸ್ಪತ್ರೆಗಳಲ್ಲಿ ವಾರಕ್ಕೆ 25 ತಾಸು ಅರ್ಥಪೂರ್ಣ ಚಟುವಟಿಕೆ ಎಂದು ಗುರಿ ಇಟ್ಟುಕೊಳ್ಳುತ್ತಾರೆ. ನಾವು ದಿನಕ್ಕೆ ಎರಡು ತಾಸಿನಿಂದ ಶುರು ಮಾಡೋಣ.

ಸಾಮಾನಿನಲ್ಲಿ ಕೇರಂ ಒಳ್ಳೆಯದೇ. ಆದರೆ ಬೋರ್ಡಿಗೆ ಉದುರಿಸುವ ಪುಡಿ ಹೆಚ್ಚಾಗಿ ಬೋರಿಕ್ ಆಸಿಡ್, ಹೊಟ್ಟೆಗೆ ಹೋದರೆ ವಿಷ. ಅಂಗಡಿಯಲ್ಲಿ ಬೋರ್ಡಿನ ಜೊತೆಗೇ ಒಂದು ಡಬ್ಬಿ ಕೊಡುತ್ತಾರೆ, ಅದನ್ನು ವಾರ್ಡಿನ ಬಾಗಿಲಲ್ಲೇ ತೆಗೆದಿಡಿ. ಸ್ವಲ್ಪ ಜೋಳದ ಹಿಟ್ಟು ಸಾಕು, ಇಲ್ಲದಿದ್ದರೂ ಆಟ ನಡೆಯುತ್ತದೆ. ಕಾಯಿ 9 ಬಿಳಿ, 9 ಕಪ್ಪು, 1 ಕೆಂಪು. 19 ಕುಳಿ ಕೊರೆದ ಮರದ ತಟ್ಟೆ ಮಾಡಿಸಿ, ಸ್ಟ್ರೈಕರಿಗೆ ಬೇರೆ ಎರಡು ಕುಳಿ. ಆಟ ಮುಗಿದಾಗ ಎಣಿಸುತ್ತಾ ಕೂರಬೇಕಾಗಿಲ್ಲ, ಖಾಲಿ ಕುಳಿ ಕಣ್ಣಿಗೆ ಹೊಡೆಯುತ್ತದೆ. ಬಡಗಿಗೆ ಅರ್ಧ ದಿನದ ಕೆಲಸ. ಪಾಳಿ ಬದಲಾಗುವ ಹೊತ್ತಿನ ಜಗಳ ಅರ್ಧಕ್ಕರ್ಧ ಇದರಿಂದಲೇ ತಪ್ಪುತ್ತದೆ, ಯಾಕೆಂದರೆ ಒಂದು ಕಾಯಿ ಕಾಣದಿದ್ದರೆ ಇಡೀ ವಾರ್ಡು ಜಾಲಾಡಬೇಕು.

ಟಿ.ವಿ.ಯ ರಿಮೋಟಿನ ಹಿಂಬದಿ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಗುಂಡಿಯಂಥ ಚಪ್ಪಟೆ ಬ್ಯಾಟರಿ ಹಾಕುವ ರಿಮೋಟ್, ಗಡಿಯಾರ, ಆಟಿಕೆ ಯಾವುದೂ ಒಳಗೆ ಬೇಡ, ನುಂಗಿದರೆ ಅನ್ನನಾಳ ಸುಡುತ್ತದೆ. ರಿಂಗ್ ಆಟದ ನೆಟ್ ದಿನವೂ ಬಿಚ್ಚಿ ಒಳಗಿಡಬೇಕು, ಕಂಬ ನೆಲದ ಕೊಳವೆಯಿಂದ ಎತ್ತಿ ತೆಗೆಯುವಂತಿರಬೇಕು, ಕೊಳವೆಗೆ ಮುಚ್ಚಳ ಇರಬೇಕು. ಸಾಮಾನು ಇಡುವ ಕಪಾಟಿನ ಹಲಗೆಯಲ್ಲಿ ಪ್ರತಿಯೊಂದರ ಆಕಾರ ಬಣ್ಣದಲ್ಲಿ ಬರೆಸಿ, ಏನು ವಾಪಸು ಬಂದಿಲ್ಲ ಎಂದು ದೂರದಿಂದಲೇ ಗೊತ್ತಾಗುತ್ತದೆ.

ತೋಟದ ಕೆಲಸವನ್ನು ಮನರಂಜನೆ ಎಂದು ಬರೆಯುವಾಗ ಜಾಗ್ರತೆ. ಇಷ್ಟವಿದ್ದವನು ಚಟ್ಟಿಯಲ್ಲಿ ಮಲ್ಲಿಗೆ ನೆಟ್ಟರೆ ಅದು ಬಿಡುವಿನ ಚಟುವಟಿಕೆ. ಆಸ್ಪತ್ರೆಯ ಅಡುಗೆಗೆ ಬಸಳೆ, ಅಲಸಂಡೆ ಬೆಳೆಸಿದರೆ ಅದು ಕೆಲಸ. 20ನೇ ಸೆಕ್ಷನ್ನಿನಲ್ಲೇ ಇದೆ: ಬಲವಂತ ಮಾಡುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು.

ಬದಿಯಡ್ಕ_ವಾಚನಾಲಯ:

ತುಂಬಾ ಉಪಕಾರ ಆಯಿತು. ಓಪನ್ ಜಿಮ್ ನಮ್ಮ ಪಟ್ಟಿಯಲ್ಲಿ ಮೊದಲನೆಯದಾಗಿ ಇತ್ತು, ಈಗ ಹೊಡೆದುಹಾಕಿದೆವು. ಭಾಷೆಯ ಪ್ರಶ್ನೆ ಉಳಿಯಿತು. ಈಗ ಅಲ್ಲಿ ಏನೇನು ಉಂಟು ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಕೇಳಬಹುದೋ?

ವಿದ್ಯಾನಗರ_ಕಡತ:

ಕೇಳಬಹುದು, ಕೇಳಿಯೇ ಬರೆಯಬೇಕು. ಇರುವುದನ್ನೇ ಮತ್ತೆ ಕೇಳಿದರೆ ಮನವಿ ಅಲ್ಲಿಗೇ ಮುಗಿಯಿತು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕೇಳಬೇಕಾದದ್ದು: ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಮನರಂಜನೆ ಮತ್ತು ಪುನರ್ವಸತಿಗೆ ಬಂದ ಮೊತ್ತ, ಖರ್ಚಾದದ್ದು, ವಾಪಸು ಹೋದದ್ದು, ಸ್ಟಾಕ್ ರಿಜಿಸ್ಟರಿನ ಆ ಪುಟಗಳ ನಕಲು, ಆಕ್ಯುಪೇಶನಲ್ ತೆರಪಿಸ್ಟ್ ಮಂಜೂರಾದ ಹುದ್ದೆ ಎಷ್ಟು ಮತ್ತು ಭರ್ತಿಯಾದದ್ದು ಎಷ್ಟು. 'ವಾಪಸು ಹೋದದ್ದು' ಎಂಬ ಪದ ಮರೆಯಬೇಡಿ, ಉಪಯೋಗಕ್ಕೆ ಬರುವ ಮಾಹಿತಿ ಹೆಚ್ಚಾಗಿ ಅದರೊಳಗೇ ಇರುತ್ತದೆ. ರೋಗಿಗಳ ಹೆಸರು, ಕೇಸು, ಕಾಸರಗೋಡಿನವರು ಯಾರ್ಯಾರು ಎಂದೆಲ್ಲ ಕೇಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದು ಗೌಪ್ಯ, ಅದನ್ನೇ ನೆಪ ಮಾಡಿ ಇಡೀ ಅರ್ಜಿ ತಿರಸ್ಕರಿಸುತ್ತಾರೆ.

ಭಾಷೆಗೆ ಬಂದರೆ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಆರೋಗ್ಯ ನಿರ್ದೇಶಕರಿಗೆ ಕನ್ನಡದಲ್ಲೇ ಕೊಡಿ. ಕಲ್ಲಿಕೋಟೆಯ ಆಸ್ಪತ್ರೆ ಆ ಪ್ರದೇಶದೊಳಗೆ ಬರುವುದಿಲ್ಲ, ಅಲ್ಲಿಗೆ ಹೋಗುವ ಪ್ರತಿ ಮಲಯಾಳದಲ್ಲಿರಲಿ. ಕನ್ನಡ ಪ್ರತಿ ಹಿಡಿದು ಹೋರಾಡುವ ಜಾಗ ಅದಲ್ಲ.

ಮಧೂರು_ಅರ್ಥಧಾರಿ:

ಪುಸ್ತಕದ ಬಗ್ಗೆ ಎರಡು ಮಾತು. ರಟ್ಟಿನ ಬೈಂಡಿನವು ಬೇಡ, ಪೇಪರ್‌ಬ್ಯಾಕ್ ಕಳಿಸಿ. ವಾರಪತ್ರಿಕೆಗಳ ನಡುವಿನ ಪಿನ್ ಕಿತ್ತು ಬೆನ್ನಿಗೆ ಅಂಟು ಹಚ್ಚಿ ಕೊಡಬೇಕು. ಸಣ್ಣ ಕತೆ, ಹಾಸ್ಯ, ದೊಡ್ಡ ಅಕ್ಷರದ್ದು ಆರಿಸಿ, ಮದ್ದಿನಿಂದ ಹತ್ತಿರದ್ದು ಮಂಜಾಗಿ ಕಾಣುವವರು ಇರುತ್ತಾರೆ.

ಕೂತು ಮಾಡುವ ಚಟುವಟಿಕೆಗೆ ತಾಳಮದ್ದಳೆಗಿಂತ ಅಗ್ಗದ್ದು ನಮ್ಮ ಸೀಮೆಯಲ್ಲಿ ಇಲ್ಲ. ವೇಷವಿಲ್ಲ, ಗೆಜ್ಜೆಯಿಲ್ಲ, ಸರದಿ ಬಂದಾಗ ಮಾತಾಡಬೇಕು, ಉಳಿದ ಹೊತ್ತು ಕೇಳಬೇಕು. ಆದರೆ ಊರಿನ ಹಾಗೆ ರಾತ್ರಿಯಿಡೀ ಅಲ್ಲ, 40 ನಿಮಿಷ. ತಾಳ ಮತ್ತು ಮದ್ದಳೆ ಸಾಕು, ಚೆಂಡೆ ಮುಚ್ಚಿದ ಮಾಡಿನಡಿ ಬೇಡ. ವಧೆಯ ಪ್ರಸಂಗ ಬಿಟ್ಟು ಸಂಧಾನದ್ದು ತೆಗೆದುಕೊಳ್ಳಿ. ಅಶರೀರವಾಣಿ, ಮೈಮೇಲೆ ಬರುವುದು, ಶಾಪ ಇವು ಇರುವ ಭಾಗ ಕತ್ತರಿಸಿ. ಕಿವಿಯಲ್ಲಿ ಆಜ್ಞೆ ಕೇಳುವವನ ಎದುರು ಆಕಾಶದಿಂದ ಆಜ್ಞೆ ಬರುವ ಪದ್ಯ ಹಾಡಬಾರದಷ್ಟೇ. ಪದ್ಯಕ್ಕೆ ಅರ್ಥ ಹೇಳುವಾಗ ಎದುರಾಳಿಯನ್ನು ಕೆಣಕುವ ಚಾಳಿ ನಮ್ಮವರಿಗೆ ಜಾಸ್ತಿ, ಹೊರಗಿನಿಂದ ಹೋಗುವ ಕಲಾವಿದರಿಗೆ ಅದನ್ನು ಮೊದಲೇ ಹೇಳಿಡಬೇಕು. ಮದ್ದಳೆಯ ಬಾರು ಬಿಗಿದ ಚರ್ಮದ್ದು, ತಂದದ್ದು ಎಣಿಸಿ ಹೊರಗೆ ಹೋಗಬೇಕು.

ಬದಿಯಡ್ಕ_ವಾಚನಾಲಯ:

ಕರಡು ಬರೆದಾಯಿತು. ಮಾಡಿನ ವಿಸ್ತೀರ್ಣ 240 ಚದರ ಮೀಟರ್ ಎಂದು ಹಾಕಿದ್ದೇವೆ, ಸರಿಯೋ?

ಮುರಕಲ್ಲು:

ಅಲ್ಲ ಮಾರಾಯ್ರೆ, 240 ನೆಲದ್ದು. ನಮ್ಮಲ್ಲಿ ಮಳೆ ನೆಟ್ಟಗೆ ಬೀಳುವುದಿಲ್ಲ, ಎರಚಲು ಉಂಟು. ನಾಲ್ಕೂ ಕಡೆ 1 ಮೀಟರ್ ಚಾಚಿದರೆ 21.2×14.5, ಅಂದರೆ 307 ಚದರ ಮೀಟರ್. ಶೀಟಿನ ಲೆಕ್ಕ ಇಳಿಜಾರಿನ ಉದ್ದದ ಮೇಲೆ ಹಾಕುವುದರಿಂದ ಅದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. 100 ಮಿ.ಮೀ. ಮಳೆ ಬಿದ್ದ ದಿನ ಆ ಮಾಡಿನಿಂದ 30,700 ಲೀಟರ್ ನೀರು ಇಳಿಯುತ್ತದೆ, ಎರಡು ಉದ್ದ ಬದಿಗಳಿಗೂ ಗಟರ್ ಮತ್ತು ಅದು ಹೋಗಿ ಸೇರುವ ಚರಂಡಿ ಬೇರೆಯೇ ಐಟಂ ಆಗಿ ಬರೆಯಿರಿ. ಬರೆಯದಿದ್ದರೆ ನಿಮ್ಮ ನಡೆಯುವ ದಾರಿಯೇ ಚರಂಡಿ.